ನಕಾಶೆ ಕಂಡ ದಾರಿ



ನಮ್ಮ ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ಮೂರೇ ಕಾರಣ ಎನ್ನುತ್ತಿದ್ದರು ಹಿರಿಯರು: ಬದು, ಬಾವಿ, ದಾರಿ. ಬಾವಿಗಳು ಬತ್ತಿ ಬೋರ್‌ವೆಲ್ ಬಂದವು. ಬದುವಿನ ಜಗಳ ಸರ್ವೆಯವರ ಚೈನು ಎಳೆದರೆ ಅರ್ಧ ಮುಗಿಯುತ್ತದೆ. ದಾರಿಯ ತಕರಾರು ಮಾತ್ರ ಇನ್ನೂ ಹಾಗೆಯೇ ಇದೆ. ‘ನಮ್ಮ ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದವರು ಮುಚ್ಚಿದ್ದಾರೆ, ಬಿಡಿಸಿಕೊಡಬೇಕು’ ಎಂಬ ಅರ್ಜಿ ಇಲ್ಲದ ತಾಲ್ಲೂಕು ಕಚೇರಿ ಸಿಗುವುದು ಕಷ್ಟ.

ಇವತ್ತು ನನಗೆ ಕೊಟ್ಟ ವಿಷಯ ಚಾರಣ, ಓಟ ಮತ್ತು ಗುಡ್ಡದ ಸೈಕಲ್ ಸವಾರಿಗೆ ತಕ್ಕ ನಮ್ಮ ಸುತ್ತಲಿನ ದಾರಿಗಳು. ಇದಕ್ಕೂ ತಹಶೀಲ್ದಾರರ ಮುಂದಿನ ಅರ್ಜಿಗೂ ಏನು ಸಂಬಂಧ ಎನ್ನಬೇಡಿ. ಎರಡೂ ಒಂದೇ ದಾರಿಯ ಮಾತು.

ಚಿತ್ರದುರ್ಗದಿಂದಲೋ ದಾವಣಗೆರೆಯಿಂದಲೋ ದಪ್ಪ ಟೈರಿನ ಸೈಕಲ್ ತಂದ ಹುಡುಗರು ಭೀಮಸಮುದ್ರದ ಕೆರೆ ಏರಿಯ ಮೇಲೆ ನಿಂತು, ‘ಇಲ್ಲಿ ಟ್ರೇಲ್ ಎಲ್ಲಿದೆ?’ ಎಂದು ಕೇಳುವುದುಂಟು. ಮೊಬೈಲಿನ ನಕ್ಷೆಯಲ್ಲಿ ಅವರಿಗೆ ಕಾಣುವುದು ಟಾರು ರಸ್ತೆ, ಅದರಾಚೆಗೆ ಹಸಿರು ಬಣ್ಣ. ದಾರಿಯೇ ಇಲ್ಲದ ಊರಿಗೆ ಬಂದೆವೇನೋ ಎಂಬ ಮುಖ. ಯಾರಾದರೂ ಹೊಸದಾಗಿ ಕಡಿದು, ಬಾಣದ ಗುರುತು ಹಾಕಿ, ಬೋರ್ಡು ನೆಟ್ಟು ಕೊಡಬೇಕು ಎಂದು ಅವರ ನಿರೀಕ್ಷೆ. ಅದರ ಅಗತ್ಯವೇ ಇಲ್ಲ ಎಂದು ಹೇಳುವುದಕ್ಕೇ ನಾನು ಇಲ್ಲಿ ಕೂತಿರುವುದು. ದಾರಿಗಳು ಇವೆ. ಸರ್ಕಾರದ ದಾಖಲೆಯಲ್ಲೂ ಇವೆ. ಅವುಗಳ ಮೇಲೆ ನಡೆಯುವವರು ಕಡಿಮೆಯಾಗಿದ್ದಾರೆ, ಅಷ್ಟೆ.

ಭೀಮಸಮುದ್ರ ಬಹಳ ಜನಕ್ಕೆ ಪತ್ರಿಕೆಯ ಅಡಿಕೆ ಧಾರಣೆಯ ಕಾಲಂನಿಂದ ಗೊತ್ತು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಕೆಂಪುಗೋಟು ಎಷ್ಟು ಎಂದು ನೋಡುವಾಗ ಕಣ್ಣಿಗೆ ಬೀಳುವ ಹೆಸರು. ಊರಿನ ಜಾಯಮಾನ ತಿಳಿಯಬೇಕಾದರೆ ಮಂಡಿ ಬಿಟ್ಟು ಏರಿ ಹತ್ತಬೇಕು. ಒಂದು ಕಡೆ ಕೆರೆಯ ಅಂಗಳ, ಇನ್ನೊಂದು ಕಡೆ ತೂಬಿನ ಕೆಳಗೆ ಅಡಿಕೆ ತೋಟ, ಆಚೆಗೆ ಕೆಂಪು ಗುಡ್ಡಗಳ ಸಾಲು. ಈ ಗುಡ್ಡಗಳು ಸಾಮಾನ್ಯದವಲ್ಲ. ಭೂವಿಜ್ಞಾನಿಗಳು ಚಿತ್ರದುರ್ಗದ ಹೆಸರಿನಲ್ಲೇ ಕರೆಯುವ ಶಿಲಾಪಟ್ಟಿಯೊಂದು ಉತ್ತರದಲ್ಲಿ ಗದಗಿನಿಂದ ಹೊರಟು ನಮ್ಮ ಜಿಲ್ಲೆಯನ್ನು ಸೀಳಿಕೊಂಡು ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಹೋಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ತಾಮ್ರ ಎಲ್ಲ ಈ ಪಟ್ಟಿಯೊಳಗಿನ ಆಸ್ತಿ. ಇಂಗಳದಾಳಿನಲ್ಲಿ ತಾಮ್ರ ತೆಗೆದರು. ಭೀಮಸಮುದ್ರ, ಮೇಗಳಹಳ್ಳಿ, ಹಿರೇಕಂದವಾಡಿ ಸುತ್ತಿನಲ್ಲಿ ಕಬ್ಬಿಣದ ಅದಿರು.

ಅದಿರು ಎಂದ ಮೇಲೆ ಲಾರಿ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಬಳ್ಳಾರಿಯ ಬೆನ್ನಿಗೆ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿದಾಗ ಈ ಭಾಗದ ರಸ್ತೆಗಳು ಕೆಲ ಕಾಲ ಉಸಿರು ಬಿಟ್ಟವು. ಆಮೇಲೆ ಕೋರ್ಟಿನ ಷರತ್ತುಗಳ ಮೇಲೆ ಕೆಲವು ಗಣಿಗಳು ತೆರೆದವು, ಲಾರಿಗಳೂ ಬಂದವು. ರಸ್ತೆ ಪಕ್ಕದ ಅಡಿಕೆ ಗರಿಯ ಮೇಲೆ ಬೆರಳಾಡಿಸಿದರೆ ಬೆರಳು ಕೆಂಪಾಗುತ್ತದೆ. ಇಂಥ ರಸ್ತೆಯ ಅಂಚಿನಲ್ಲಿ ಬೆಳಗಿನ ಓಟ ಆರೋಗ್ಯಕ್ಕೆ ಒಳ್ಳೆಯದು ಎಂದು ಯಾವ ಡಾಕ್ಟರೂ ಬರೆದುಕೊಡಲಾರರು. ಆದ್ದರಿಂದ ನಮಗೆ ಒಳದಾರಿ ಬೇಕು. ಹವ್ಯಾಸಕ್ಕೂ ಬೇಕು, ಶಾಲೆಗೆ ನಡೆದುಹೋಗುವ ಮಕ್ಕಳಿಗೂ ಬೇಕು.

ಆ ಒಳದಾರಿಗಳು ಎಲ್ಲಿವೆ ಎಂದರೆ, ಗ್ರಾಮ ನಕಾಶೆಯಲ್ಲಿ. ಭೂಮಾಪನ ಇಲಾಖೆಯಲ್ಲಿ ನಿಮ್ಮ ಊರಿನ ನಕಾಶೆ ಸಿಗುತ್ತದೆ, ಈಗ ಇಲಾಖೆಯ ಜಾಲತಾಣದಿಂದಲೂ ಇಳಿಸಿಕೊಳ್ಳಬಹುದು. ಅದನ್ನು ದೊಡ್ಡ ಹಾಳೆಯ ಮೇಲೆ ಮುದ್ರಿಸಿ ಮೇಜಿನ ಮೇಲೆ ಹಾಸಿ ನೋಡಿ. ಮೊದಲಿಗೆ ಸರ್ವೆ ನಂಬರುಗಳ ಚೂರುಪಾರು ಬಿಟ್ಟರೆ ಏನೂ ಕಾಣಿಸುವುದಿಲ್ಲ. ಕಣ್ಣು ಪಳಗಿದ ಮೇಲೆ ಹಳ್ಳ ಕಾಣುತ್ತದೆ, ಕೆರೆ, ಗೋಮಾಳ, ಊರಗುಂಟೆ ಕಾಣುತ್ತವೆ. ಅವುಗಳ ನಡುವೆ ತುಂಡು ತುಂಡು ಗೆರೆಗಳು ಓಡಾಡುವುದು ಗೊತ್ತಾಗುತ್ತದೆ. ಒಂಟಿ ಗೆರೆ ಕಾಲುದಾರಿ, ಜೋಡಿ ಗೆರೆ ಬಂಡಿದಾರಿ. ಒಂದು ಊರಿನಿಂದ ಹೊರಟ ಜೋಡಿ ಗೆರೆ ಹಾಳೆಯ ಅಂಚಿಗೆ ಬಂದು ನಿಲ್ಲುತ್ತದೆ. ಪಕ್ಕದ ಊರಿನ ನಕಾಶೆ ತಂದು ಅಂಚಿಗೆ ಅಂಚು ಜೋಡಿಸಿದರೆ ಅದೇ ಗೆರೆ ಅಲ್ಲಿಂದ ಮುಂದುವರಿಯುತ್ತದೆ. ಹೀಗೆ ಐದಾರು ಊರಿನ ಹಾಳೆ ಜೋಡಿಸಿದವರಿಗೆ, ಒಮ್ಮೆಯೂ ಟಾರು ಮುಟ್ಟದೆ ಇಡೀ ದಿನ ನಡೆಯುವಷ್ಟು ದಾರಿ ಕಾಗದದ ಮೇಲೇ ಸಿಗುತ್ತದೆ.

ಕಂದಾಯದ ಭಾಷೆಯಲ್ಲಿ ಇದಕ್ಕೆ ‘ನಕಾಶೆ ಕಂಡ ದಾರಿ’ ಎನ್ನುತ್ತಾರೆ. ಪಹಣಿಯಲ್ಲಿ ಖರಾಬು ಎಂಬ ಅಂಕಣವಿದೆಯಲ್ಲ, ಅದರಲ್ಲಿ ಎ ಖರಾಬು ಎಂದರೆ ಉಳುಮೆಗೆ ಬಾರದ ಕಲ್ಲುಮುಳ್ಳಿನ ನೆಲ. ಬಿ ಖರಾಬು ಎಂದರೆ ಸಾರ್ವಜನಿಕರಿಗೆಂದು ಬಿಟ್ಟ ನೆಲ, ಅಂದರೆ ದಾರಿ, ಹಳ್ಳ, ಸ್ಮಶಾನ ಇತ್ಯಾದಿ. ಸುತ್ತಲಿನ ಜಮೀನು ಯಾರದ್ದೇ ಆಗಲಿ, ಬಿ ಖರಾಬಿನ ದಾರಿ ಅವರ ಸ್ವಂತದ್ದಲ್ಲ. ಕೈಯಲ್ಲಿ ಫೋನಿದ್ದರೆ ‘ದಿಶಾಂಕ್’ ಎಂಬ ಸರ್ಕಾರಿ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರು ಅದು ಹೇಳುತ್ತದೆ. ಜಿಪಿಎಸ್ ಕೆಲವು ಮೀಟರು ಅತ್ತಿತ್ತ ತೋರಿಸುವುದುಂಟು, ಅದನ್ನೇ ಸಾಕ್ಷಿ ಮಾಡಿಕೊಂಡು ರೈತರ ಜೊತೆ ವಾದಕ್ಕೆ ಇಳಿಯಬೇಡಿ.

ಇಷ್ಟೆಲ್ಲ ಇದ್ದೂ ದಾರಿ ಯಾಕೆ ಕಾಣೆಯಾಗುತ್ತದೆ? ನಕಾಶೆ ಹಿಡಿದು ಗುಡ್ಡದ ಬುಡದ ಹೊಲವೊಂದರ ಅಂಚಿಗೆ ಹೋಗಿದ್ದಾಗ ಹಿರಿಯರೊಬ್ಬರನ್ನು ಕೇಳಿದೆ: ‘ಯಜಮಾನ್ರೇ, ಇಲ್ಲಿ ಬಂಡಿದಾರಿ ಇತ್ತಲ್ವಾ?’

‘ಇತ್ತು ಕಣಪ್ಪ. ಬಂಡಿ ಇದ್ದಾಗ ಇತ್ತು.’

ಅದಕ್ಕಿಂತ ಸರಿಯಾದ ಉತ್ತರ ಇನ್ನೊಂದಿಲ್ಲ. ಎತ್ತಿನ ಬಂಡಿ ಸುತ್ತುಬಳಸಿ ಹೋಗುವುದಿಲ್ಲ, ಎತ್ತಿಗೆ ದಣಿವಾಗುತ್ತದೆ. ಊರಿಂದ ಊರಿಗೆ, ಸಂತೆಗೆ, ಜಾತ್ರೆಗೆ ಹತ್ತಿರದ ಜಾಡು ಹಿಡಿಯುತ್ತದೆ. ಟ್ರ್ಯಾಕ್ಟರಿಗೆ ನಾಲ್ಕು ಕಿಲೋಮೀಟರ್ ಸುತ್ತು ಲೆಕ್ಕವಲ್ಲ, ಬೈಕಿಗಂತೂ ಅಲ್ಲವೇ ಅಲ್ಲ. ಎಲ್ಲರೂ ಟಾರು ರಸ್ತೆಗೆ ಹೋದರು. ಆಮೇಲೆ ನಡೆಯುವುದು ಇಷ್ಟೇ: ಮೊದಲ ಮುಂಗಾರಿಗೆ ಜಾಡಿನ ನಡುವೆ ಹುಲ್ಲು, ಎರಡನೆಯದಕ್ಕೆ ನೇಗಿಲಿನ ಒಂದು ಸಾಲು ಒಳಕ್ಕೆ, ಮೂರನೆಯದಕ್ಕೆ ಇನ್ನೆರಡು ಸಾಲು. ಅಡಿಕೆ ಸಸಿ ನೆಟ್ಟರೆ ಮುಗಿಯಿತು, ಹನಿ ನೀರಾವರಿಯ ಪೈಪು, ತಂತಿ ಬೇಲಿ, ಸೋಲಾರ್ ಬೇಲಿ. ಹೊಲದ ಒಡೆಯನನ್ನು ಕಳ್ಳ ಎನ್ನಲು ನನಗೆ ಮನಸ್ಸಿಲ್ಲ. ಯಾರೂ ನಡೆಯದ ನೆಲವನ್ನು ಬೀಳು ಬಿಡುವುದು ರೈತನಿಗೆ ಆಗದ ಮಾತು.

ಇಂಗ್ಲೆಂಡಿನಲ್ಲೂ ಇದೇ ಕಥೆ ನಡೆದಿದೆ. 1932ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಸುತ್ತಿನ ಕಾರ್ಖಾನೆಯ ಹುಡುಗ ಹುಡುಗಿಯರು ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಗುಂಪಾಗಿ ನುಗ್ಗಿದರು. ಅದು ಜಮೀನ್ದಾರರ ಬೇಟೆಯ ಕಾವಲು. ಐವರಿಗೆ ಜೈಲಾಯಿತು. 1949ರಲ್ಲಿ ಅಲ್ಲಿ ಕಾಯ್ದೆ ಬಂದು ಹಳೆಯ ಕಾಲುದಾರಿಗಳನ್ನೆಲ್ಲ ಊರೂರಿನ ನಕ್ಷೆಯಲ್ಲಿ ಗುರುತಿಸುವುದು ಕಡ್ಡಾಯವಾಯಿತು. ಇವತ್ತು ಅಲ್ಲಿ ಕುರಿ ದೊಡ್ಡಿಯ ನಡುವೆಯೂ ಅಪರಿಚಿತರು ನಡೆದುಹೋಗಬಹುದು, ಬಾಗಿಲು ಹಾಕಿಕೊಂಡು ಹೋದರೆ ಸಾಕು. ನಮ್ಮಲ್ಲಿ ಜೈಲಿಗೆ ಹೋಗುವ ಅಗತ್ಯವಿಲ್ಲ, ನಕ್ಷೆ ಆಗಲೇ ಇದೆ. 2023ರಲ್ಲಿ ರಾಜ್ಯದ ಕಂದಾಯ ಇಲಾಖೆ, ಗ್ರಾಮ ನಕಾಶೆಯಲ್ಲಿರುವ ಕಾಲುದಾರಿ, ಬಂಡಿದಾರಿಗಳಲ್ಲಿ ರೈತರ ಓಡಾಟಕ್ಕೆ ಅಡ್ಡಿ ಮಾಡಿದ್ದರೆ ತೆರವು ಮಾಡಿಸಿ ಎಂದು ತಹಶೀಲ್ದಾರರಿಗೆ ಸುತ್ತೋಲೆಯನ್ನೂ ಕಳಿಸಿದೆ. ‘ನಮ್ಮ ಹೊಲ ನಮ್ಮ ದಾರಿ’ ಎಂದು ಉದ್ಯೋಗ ಖಾತರಿಯಲ್ಲಿ ಗರಸು ಹಾಕಿದ ಹೊಲದ ರಸ್ತೆಗಳು ಬಹಳ ಕಡೆ ಇವೆ. ಓಟಗಾರರಿಗೆ ಅವುಗಳಷ್ಟು ಮೆತ್ತನೆಯ ನೆಲ ಇನ್ನೊಂದಿಲ್ಲ.

ದಾರಿ ಮುಚ್ಚಿಹೋಗುವುದು ಬರೀ ಅಡಿಕೆ ತೋಟದಿಂದಲ್ಲ. ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಸುತ್ತಿನ ಅಮೃತ ಮಹಲ್ ಕಾವಲುಗಳನ್ನು ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಲೆಕ್ಕದಲ್ಲಿ ಕೊಟ್ಟಾಗ ಮೈಲಿಗಟ್ಟಲೆ ಗೋಡೆ ಎದ್ದಿತು. ಕುರಿ, ದನ ಹೊಡೆದುಕೊಂಡು ಹೋಗುತ್ತಿದ್ದವರ ಜಾಡುಗಳು ಗೋಡೆಗೆ ಬಂದು ನಿಂತವು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ಬೇಕಾದ ಕೆಲಸಗಳೇ ಇರಬಹುದು, ಇಲ್ಲವೆನ್ನುವುದಿಲ್ಲ. ಕುರಿಗಾಹಿಯ ಕಾಲುದಾರಿಯೂ ಒಂದು ಆಸ್ತಿ ಎಂದು ಯಾರಿಗೂ ಹೊಳೆಯಲಿಲ್ಲ ಎಂಬುದಷ್ಟೇ ನನ್ನ ಸಂಕಟ.

ಇನ್ನು ದುರ್ಗದ ಕಡೆ ಬರೋಣ. ಕೋಟೆಯನ್ನು ನೋಡುವ ಜಾಗ ಎಂದು ಎಣಿಸಿರುವವರೇ ಹೆಚ್ಚು, ಅದು ನಡೆಯುವ ಜಾಗ. 19 ಅಗಸೆ ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ, 4 ಗುಪ್ತದ್ವಾರ ಎಂದು ಗೈಡುಗಳು ಬಾಯಿಪಾಠ ಒಪ್ಪಿಸುತ್ತಾರೆ. ಎಲ್ಲವನ್ನೂ ಎಣಿಸಲು ಹೋಗಬೇಡಿ. ದಾರಿ ಯಾಕೆ ಹೀಗೆ ತಿರುಗುತ್ತದೆ ಎಂದು ಮಾತ್ರ ಗಮನಿಸಿ. ಬಾಗಿಲ ಎದುರು ನೇರವಾದ ಓಟದ ನೆಲವೇ ಇಲ್ಲ, ಆನೆ ರಭಸದಿಂದ ನುಗ್ಗಲು ಎಡೆಯೇ ಇಲ್ಲ. ಓಬವ್ವನ ಕಿಂಡಿಯ ಮುಂದೆ ನಿಂತು ಬಗ್ಗಿ ನೋಡಿದರೆ, ಒಬ್ಬೊಬ್ಬರೇ ತಲೆ ತಗ್ಗಿಸಿ ತೂರಬೇಕಾದ ಜಾಗದಲ್ಲಿ ಒನಕೆ ಹಿಡಿದ ಒಬ್ಬಳೇ ಹೆಂಗಸು ಹೈದರನ ಪಡೆಯನ್ನು ಹೇಗೆ ತಡೆದಾಳು ಎಂಬುದು ವಿವರಿಸದೆಯೇ ಅರ್ಥವಾಗುತ್ತದೆ.

ಕೋಟೆಯ ಬೆನ್ನಿಗೆ ಚಂದ್ರವಳ್ಳಿ. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಗುಡ್ಡಗಳ ನಡುವಿನ ಕಣಿವೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ, ಅದರಲ್ಲಿ ಕೆರೆಯ ಸಂಗತಿ. 1929ರ ಸುಮಾರಿಗೆ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮಿನ ನಾಣ್ಯಗಳೂ ಸಿಕ್ಕವು. ಹಾಗಾದರೆ ಈ ಕಣಿವೆಗೆ ಎರಡು ಸಾವಿರ ವರ್ಷದ ಹಿಂದೆಯೇ ದೂರದ ಸರಕು ಬರುವ ದಾರಿ ಇತ್ತು ಎಂದಾಯಿತು. ಈಗ ನಾವು ವಾಕಿಂಗ್ ಶೂ ಹಾಕಿಕೊಂಡು ಬರುತ್ತೇವೆ.

ಅಲ್ಲಿಂದ ದಕ್ಷಿಣಕ್ಕೆ ಜೋಗಿಮಟ್ಟಿ. ಹಳೆಯ ಮೈಸೂರು ಗೆಜೆಟಿಯರ್ ಇದರ ಎತ್ತರವನ್ನು 3,803 ಅಡಿ ಎಂದು ಬರೆದಿದೆ. ಇಲ್ಲಿನ ಗಾಳಿಯ ಬಗ್ಗೆ ಏಷ್ಯಾದಲ್ಲೇ ಮೊದಲು ಎಂಬ ಮಟ್ಟದ ಹೆಗ್ಗಳಿಕೆ ಚಾಲ್ತಿಯಲ್ಲಿದೆ. ಸೈಕಲ್ ಹತ್ತಿಸುವಾಗ ಎದುರುಗಾಳಿ ಸಿಕ್ಕವರು ಆ ಮಾತನ್ನು ಪ್ರಶ್ನಿಸುವುದಿಲ್ಲ. ತುದಿಯವರೆಗೂ ರಸ್ತೆ ಇದೆ, ಆಡುಮಲ್ಲೇಶ್ವರ ದಾಟಿದ ಮೇಲೆ ಏರು ಬಿಗಿಯಾಗುತ್ತದೆ. ಆದರೆ ಇದು ವನ್ಯಜೀವಿಧಾಮ. ಚಿರತೆ, ಕರಡಿ, ನವಿಲು, ಕೊಂಡುಕುರಿ ಇರುವ ಕುರುಚಲು ಕಾಡು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ರಸ್ತೆ ಬಿಟ್ಟು ಅಡ್ಡಜಾಡು ಹಿಡಿದು ಒಳಗೆ ಹೋದರೆ ಅದು ಅಪರಾಧ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ಮೇಲೆ ಜನಜಂಗುಳಿಯಾಗಿ, ಸರ್ಕಾರ ಚಾರಣಕ್ಕೆ ಲಗಾಮು ಹಾಕಿ, ಆಮೇಲೆ ದಿನಕ್ಕೆ ಇಷ್ಟೇ ಮಂದಿ ಎಂದು ಆನ್‌ಲೈನ್ ಟಿಕೆಟ್ ತಂದದ್ದು ನಿಮಗೆ ನೆನಪಿರಬಹುದು. ಎಲ್ಲರೂ ಅದೇ ನಾಲ್ಕು ಶಿಖರಕ್ಕೆ ನುಗ್ಗುವುದರ ಫಲ ಅದು. ಮಲೆನಾಡಿನ ಹೆಸರಾಂತ ಬೆಟ್ಟಕ್ಕೆ ರಾತ್ರಿ ಬಸ್ಸು ಹತ್ತಿ ಹೋಗಿ ಸಾಲಿನಲ್ಲಿ ನಿಂತು ಮೇಲೇರುವವರು, ತಮ್ಮೂರ ಗೋಮಾಳದ ಗುಡ್ಡವನ್ನು ಒಮ್ಮೆಯೂ ಹತ್ತಿರುವುದಿಲ್ಲ.

ಸೈಕಲ್ಲಿನವರಿಗೆ ನಮ್ಮ ಜಿಲ್ಲೆ ತಾನಾಗಿ ಮಾಡಿಕೊಟ್ಟ ಒಂದು ಅನುಕೂಲವಿದೆ, ಗಾಳಿಗಿರಣಿಯ ದಾರಿಗಳು. ಉದ್ದನೆಯ ರೆಕ್ಕೆ ಹೊತ್ತ ಟ್ರೇಲರು ಗುಡ್ಡ ಹತ್ತಬೇಕಾದರೆ ಏರು ಹದವಾಗಿರಬೇಕು, ತಿರುವು ಅಗಲವಾಗಿರಬೇಕು. ಆ ಲೆಕ್ಕದಲ್ಲೇ ಕಡಿದ ಗರಸು ದಾರಿ ಅವು. ಹತ್ತುವಾಗ ಎದೆ ಒಡೆಯುವುದಿಲ್ಲ, ಇಳಿಯುವಾಗ ಮಜವೇ ಬೇರೆ. ಮಳೆಗಾಲದ ನಂತರ ಮಾತ್ರ ಹುಷಾರಿ ಬೇಕು, ಗುಡ್ಡ ಕಡಿದ ಮಣ್ಣು ಕೊಚ್ಚಿಹೋಗಿ ತಿರುವಿನಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿರುತ್ತದೆ. ಕಂಪನಿಯ ಕಾವಲುಗಾರರನ್ನು ಕೇಳಿಯೇ ಹೋಗಿ. ಇದೇ ಶಿಲಾಪಟ್ಟಿಯ ಉತ್ತರ ತುದಿಯ ಗದಗಿನಲ್ಲಿ ಗುಡ್ಡದ ಸೈಕಲ್ಲಿನ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆದಿದೆ. ನಮ್ಮ ನೆಲ ಅದಕ್ಕೆ ಏನೂ ಕಡಿಮೆಯಿಲ್ಲ.

ಹಿರಿಯೂರಿನ ಕಡೆಗೆ ಹೋಗುವವರು ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ಇಳಿಯಿರಿ. ನೀರಿನಡಿ ಉಕ್ಕಿದ ಲಾವಾ ದಿಂಬು ದಿಂಬಾಗಿ ಹೆಪ್ಪುಗಟ್ಟಿದ ಬಂಡೆಗಳು ಅಲ್ಲಿವೆ. ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳ ಆಸುಪಾಸು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಚಿತ್ರದುರ್ಗದ ನೆಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಎಂದು ಬರಗಾಲದ ಬಿಸಿಲಲ್ಲಿ ನಿಂತು ನಂಬುವುದು ಸುಲಭವಲ್ಲ. ಮುಂದೆ ಮಾರಿಕಣಿವೆ. 1907ರಲ್ಲಿ ಮುಗಿದ ಅಲ್ಲಿನ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ಸೆಪ್ಟೆಂಬರಿನಲ್ಲಿ ಇಡೀ ಜಿಲ್ಲೆಯೇ ಕಣಿವೆ ಮಾರಮ್ಮನ ಕಡೆ ಹೊರಟಿತ್ತು. ಹೊಳಲ್ಕೆರೆ ತಾಲ್ಲೂಕಿನಲ್ಲಿ ರಾಮಗಿರಿಯ ಕರಿಸಿದ್ದೇಶ್ವರನ ಬೆಟ್ಟ, ಹೊಸದುರ್ಗದ ಕಡೆ ಹಾಲುರಾಮೇಶ್ವರ. ಇವೆರಡಕ್ಕೆ ನಾನು ಹೇಳಬೇಕಾದ್ದು ಹೆಚ್ಚೇನಿಲ್ಲ, ಭಕ್ತರು ಕಾಲುದಾರಿಯನ್ನು ಚೆನ್ನಾಗಿಯೇ ಸವೆಸಿಟ್ಟಿದ್ದಾರೆ.

ಮುಳ್ಳಿನ ಮಾತು ಹೇಳದೆ ಹೋದರೆ ನಾಳೆ ಬೈಸಿಕೊಳ್ಳಬೇಕಾಗುತ್ತದೆ. ನೆಲಕ್ಕೆ ಅಂಟಿ ಹಬ್ಬುವ ಒಂದು ಬಳ್ಳಿ, ಪುಟ್ಟ ಹಳದಿ ಹೂ, ನೋಡಲು ಸಾಧು. ಅದರ ಕಾಯಿ ಒಣಗಿದರೆ ನೆಗ್ಗಿಲು ಮುಳ್ಳು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಸೈಕಲ್ ತಳ್ಳಿಕೊಂಡು ಬಂದು ನೋಡಿದರೆ ಒಂದೇ ಟೈರಿನಲ್ಲಿ ಐದಾರು ಸಿಕ್ಕಿಕೊಂಡಿರುತ್ತವೆ. ಕಿತ್ತ ಕೂಡಲೇ ಸುಸ್ ಎಂದು ಗಾಳಿ ಹೋಗುತ್ತದೆ, ಆದ್ದರಿಂದ ಮನೆಗೆ ಬರುವ ತನಕ ಕೀಳಬೇಡಿ. ಟ್ಯೂಬ್‌ಲೆಸ್ ಟೈರಿಗೆ ಸೀಲಂಟ್ ಹಾಕಿಸಿಕೊಂಡವರು ಬಚಾವು. ಜಾಲಿಮುಳ್ಳಿಗೆ ಆ ಔಷಧಿಯೂ ನಾಟುವುದಿಲ್ಲ. ಕೆಬ್ಬೆ ಮಣ್ಣಿನ ದಾರಿ ಮಳೆ ಬಂದ ಮರುದಿನವೇ ಓಟಕ್ಕೆ ಸಿದ್ಧ. ಎರೆ ಹೊಲದ ದಾರಿಗೆ ಮಳೆಯಲ್ಲಿ ಇಳಿದರೆ ಚಕ್ರ ತಿರುಗುವುದೇ ಇಲ್ಲ, ಸೈಕಲ್ಲೇ ನಿಮ್ಮ ಹೆಗಲೇರುತ್ತದೆ. ಕರಡಿಯ ಗುಡ್ಡಗಳಲ್ಲಿ ನಸುಕಿಗೂ ಮುಸ್ಸಂಜೆಗೂ ಒಬ್ಬೊಬ್ಬರೇ ಓಡಬೇಡಿ, ಕಿವಿಗೆ ಹಾಡು ಸಿಕ್ಕಿಸಿಕೊಂಡಂತೂ ಬೇಡವೇ ಬೇಡ. ಶಿವರಾತ್ರಿ ಕಳೆದ ಮೇಲೆ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿಯ ಕಿಡಿಗೆ ಗುಡ್ಡಕ್ಕೆ ಗುಡ್ಡವೇ ಉರಿದುಹೋಗುತ್ತದೆ.

ಭೀಮಸಮುದ್ರದ ಸುತ್ತಿನ ಪಂಚಾಯಿತಿಗಳನ್ನು ಕೇಳುವುದಾದರೆ ನಾನು ಕೇಳುವುದು ಒಂದೇ. ಕಚೇರಿಯ ಗೋಡೆಯ ಮೇಲೆ ಊರಿನ ನಕಾಶೆಯನ್ನು ದೊಡ್ಡದಾಗಿ ಬರೆಸಿ, ದಾರಿಗಳಿಗೆ ಮಾತ್ರ ಕೆಂಪು ಬಣ್ಣ ಹಚ್ಚಿಸಿ. ಗಣಿಯಿಂದ ನೊಂದ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆಂದೇ ಒಂದು ಸರ್ಕಾರಿ ನಿಗಮವಿದೆ, ಅದರ ಯೋಜನೆಗಳು ಕೋಟಿಗಳ ಲೆಕ್ಕದವು. ಲಾರಿ ರಸ್ತೆ ತಪ್ಪಿಸಿ ಶಾಲೆಗೂ ತೋಟಕ್ಕೂ ಹೋಗುವ ಹಳೆಯ ಬಂಡಿದಾರಿಯನ್ನು ಬಿಡಿಸಿ ಗರಸು ಹಾಸುವುದಕ್ಕೆ ಅದರಲ್ಲಿ ಚಿಲ್ಲರೆ ದುಡ್ಡು ಸಾಕು. ಟಿಕೆಟ್ ಕೌಂಟರು, ಸೆಲ್ಫಿ ಪಾಯಿಂಟು ದಯವಿಟ್ಟು ಬೇಡ.

ನಡೆಯುವವರಿಗೂ ಒಂದು ಮಾತಿದೆ, ಅದೂ ಅಡಿಕೆ ಕೊಯ್ಲಿನ ಕಾಲಕ್ಕೆ. ಆ ದಿನಗಳಲ್ಲಿ ತೋಟದವರು ಹಸಿ ಅಡಿಕೆ ಕಳವಾಗದಂತೆ ರಾತ್ರಿಯೆಲ್ಲ ಕಾದು ಕಣ್ಣು ಕೆಂಪು ಮಾಡಿಕೊಂಡಿರುತ್ತಾರೆ. ಬೆಳಗಿನ ಜಾವ ಬೆನ್ನಿಗೆ ಚೀಲ ಹಾಕಿಕೊಂಡು ಬದುವಿನ ಮೇಲೆ ಓಡಿ ಬರುವ ಅಪರಿಚಿತನನ್ನು ಕಂಡರೆ ಅವರು ಏನೆಂದುಕೊಳ್ಳಬೇಕು? ನಿಂತು, ‘ಯಜಮಾನ್ರೇ, ದುರ್ಗದಿಂದ ಬಂದಿದ್ದೀನಿ, ಗುಡ್ಡದ ಕಡೆ ಹೊರಟಿದ್ದೀನಿ’ ಎನ್ನಿ. ಚೀಲದಲ್ಲೇನು ಎಂದರೆ ಬಿಚ್ಚಿ ತೋರಿಸಿ. ನೀರಿನ ಬಾಟಲಿ, ಎರಡು ಬಾಳೆಹಣ್ಣು, ಪಂಕ್ಚರ್ ಕಿಟ್ಟು ನೋಡಿದ ಮೇಲೆ, ಯಾವ ಬೇಲಿಯಲ್ಲಿ ಎಲ್ಲಿ ಸಂದು ಇದೆ, ಯಾವ ಹಳ್ಳ ದಾಟಬಹುದು, ಯಾವ ಮನೆಯ ನಾಯಿ ಕಟ್ಟಿಲ್ಲ ಎಂದು ಅವರೇ ಹೇಳುತ್ತಾರೆ. ಅದು ದಿಶಾಂಕ್‌ನಲ್ಲಿ ಸಿಗುವುದಿಲ್ಲ.